ದಿವಂಗತರ ಜಾಕೆಟ್

ಸತ್ತವನ ಮನೆಗೆ ಹೋಗುವಾಗ ಲಿಪ್‌ಸ್ಟಿಕ್ ಹಚ್ಚಿಕೊಳ್ಳಬೇಕೋ ಬೇಡವೋ ಎಂದು ಹಲ್ಲಿನ ಡಾಕ್ಟರಮ್ಮ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಹಚ್ಚಿಕೊಂಡಳು. ಒರೆಸಿಕೊಂಡಳು. ಅರ್ಧ ಉಳಿಯಿತು.

ನಲವತ್ತು ದಾಟಿದ ಅವಳಿಗೆ ಇದ್ದದ್ದು ಒಂದೇ ಹುಚ್ಚು: ಯುದ್ಧದಲ್ಲಿ ಹಡಗಿನ ಮೇಲಿಂದ ವಿಮಾನ ಹಾರಿಸಿದ ನೌಕಾಪಡೆಯ ಪೈಲಟ್‌ಗಳ ಸಮವಸ್ತ್ರ ಕೂಡಿಡುವುದು. ಬರೀ ಬಟ್ಟೆ ಸಿಕ್ಕರೆ ಸಾಲದು. ತೊಟ್ಟವನು ಯಾರು, ಆಮೇಲೆ ಏನಾದ ಎಂದು ತಿಳಿಯುವ ತನಕ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ಒಬ್ಬ ಗಂಡನ ಬಟ್ಟೆ ಇಡಬೇಕಾದ ಬೀರುವಲ್ಲಿ ಊರ ಗಂಡಂದಿರ ಬಟ್ಟೆಯೆಲ್ಲಾ ತುಂಬ್ಕೊಂಡಿದೀಯಲ್ಲೇ!" ಎಂದು ಅತ್ತಿಗೆ ರೇಗಿಸುತ್ತಿದ್ದಳು.

ಒಂದು ಜಾಕೆಟ್ ಮಾತ್ರ ಬೀರು ಸೇರಲಿಲ್ಲ, ಅವಳ ಕುರ್ಚಿಯ ಬೆನ್ನಿಗೇ ಉಳಿಯಿತು. ಕಾಲರಿನ ಒಳಗೆ ಮಾಸಿದ ಶಾಯಿಯಲ್ಲಿ ಹೆಸರು. ಅಗಲವಾದ ಭುಜ. ಎಡತೋಳನ್ನು ಮಣಿಕಟ್ಟಿನಿಂದ ಭುಜದವರೆಗೆ ಯಾರೋ ಕತ್ತರಿಯಲ್ಲಿ ಸೀಳಿದ್ದರು. "ಸಮುದ್ರಕ್ಕೆ ಬಿದ್ದ, ಕಥೆ ಮುಗೀತು," ಎಂದಿದ್ದ ಹಳೇ ಸಾಮಾನಿನ ವ್ಯಾಪಾರಿ.

ಸಂಜೆ ಹೊತ್ತು ಅವಳು ಆ ಜಾಕೆಟ್ಟಿನ ಜೊತೆ ಮಾತಾಡುವುದು ರೂಢಿಯಾಯಿತು. ನಿಶ್ಚಯವಾಗಿದ್ದ ಮದುವೆ ಒಮ್ಮೆ ಮುರಿದುಹೋದವಳು ಅವಳು. ಸತ್ತವರಾದರೆ ಬೇಡ ಅನ್ನುವುದಿಲ್ಲವಲ್ಲ.

ಅವನ ಫೋಟೋ ಒಂದಿದ್ದರೆ ಎಂದು ಆಸೆಯಾಗಿ, ಮನೆತನದ ಹೆಸರು ಹಿಡಿದು ಹುಡುಕಿ ಫೋನ್ ಮಾಡಿದಳು. ಗರಗರ ಸದ್ದಿನ ನಡುವೆ ವಯಸ್ಸಾದ ಹೆಂಗಸೊಬ್ಬಳು, "ನಮ್ಮ ತಮ್ಮನ ವಿಚಾರ ತಾನೇ? ಬನ್ನಿ, ಬನ್ನಿ," ಎಂದಳು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದವನ ಕೈಯಲ್ಲಿ ಉಪ್ಪುಕಾಗದ, ಮೂಗಿನ ಮೇಲೆ ಮರದ ಪುಡಿ. ಅವನ ಹಿಂದೆ ಅರ್ಧ ಉಜ್ಜಿದ ಸ್ಟೂಲು.

"ಈ ಮನೆಯ ದಿವಂಗತ ಪೈಲಟ್ ಅವರ ಫೋಟೋ ಏನಾದ್ರೂ..." ಎಂದು ಅವಳು ಹೆಸರು ಹೇಳಿದಳು.

ಅವನು ಅವಳನ್ನು ನೋಡಿದ. ಅರ್ಧ ಲಿಪ್‌ಸ್ಟಿಕ್ಕನ್ನೂ ನೋಡಿದ. ಒಳಗೆ ತಿರುಗಿ, "ಅಕ್ಕಾ, ನಾನು ಯಾವಾಗ ಹೋದೆ?" ಎಂದು ಕೂಗಿದ.

"ನೀನೆಲ್ಲಿಗೆ ಹೋಗ್ತೀಯ? ಅದೇ ನನ್ನ ಕರ್ಮ!" ಎಂದಿತು ಅಡುಗೆಮನೆ.

ಡಾಕ್ಟರಮ್ಮ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನೀವು... ಬದುಕಿದೀರಾ?"

"ಸದ್ಯಕ್ಕೆ. ಒಳಗೆ ಬನ್ನಿ, ಬಿದ್ದುಬಿಟ್ಟೀರ."

ನಗುನಗುತ್ತಲೇ ಅವಳು ಚೀಲದಿಂದ ಜಾಕೆಟ್ ತೆಗೆದಳು. ಅವನ ನಗು ನಿಂತುಹೋಯಿತು. ಸೀಳಿದ ತೋಳನ್ನು ಮುಟ್ಟಿ, "ನನ್ನ ಕೈ ಉಳಿಸೋಕೆ ಇದನ್ನ ಕತ್ತರಿಸಿದ್ರು. ವಿಮಾನದಲ್ಲಿ ನನ್ನ ಹಿಂದೆ ಕೂತಿದ್ದವನನ್ನ ಉಳಿಸ್ಕೊಳ್ಳೋಕೆ ನನ್ನಿಂದ ಆಗ್ಲಿಲ್ಲ," ಎಂದವನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಇದು ಮನೇಲಿದ್ದಷ್ಟು ದಿನ ಅವನು ಕಣ್ಣು ಮುಚ್ಚಲಿಲ್ಲಮ್ಮ. ನಾನೇ ಸಾಗಹಾಕಿದ್ದೆ," ಎಂದಳು ಅಕ್ಕ.

"ಇದು ಅವರದ್ದು. ಸುಡ್ತಾರೋ, ಇಟ್ಕೋತಾರೋ, ಅವರಿಷ್ಟ," ಎಂದು ಡಾಕ್ಟರಮ್ಮ ತನ್ನ ಕ್ಲಿನಿಕ್ಕಿನ ಕಾರ್ಡನ್ನು ಅಕ್ಕನ ಕೈಗಿಟ್ಟು ಬರಿಗೈಯಲ್ಲಿ ಹೊರಟಳು. ಸತ್ತಿದ್ದಾನೆಂದು ನಂಬಿದ್ದಾಗ ಬಾರದ ಅಳು, ಬದುಕಿದ್ದಾನೆಂದು ತಿಳಿದ ಮೇಲೆ ಬಸ್ಸಿನಲ್ಲಿ ಬಂತು.

ವಾರ ಕಳೆದಿರಬೇಕು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವನು ಅವನೇ.

"ಎಲ್ಲಿ ನೋವು?" ಅವಳು ಹಲ್ಲು ನೋಡುವ ಪುಟ್ಟ ಕನ್ನಡಿ ಎತ್ತಿಕೊಂಡಳು.

"ಹಲ್ಲೆಲ್ಲ ಗಟ್ಟಿ ಇದೆ. ಅಪಾಯಿಂಟ್‌ಮೆಂಟ್ ಇಲ್ಲದೆ ಒಳಗೆ ಬಿಡಲ್ಲ ಅಂದ್ರು." ಎದ್ದು ಕೂತ. "ಜಾಕೆಟ್ ತಗೊಂಡು, ನನ್ನ ಹಿಂದೆ ಕೂತಿದ್ದನಲ್ಲ, ಅವನ ತಾಯಿ ಹತ್ರ ಹೋಗಿದ್ದೆ. ಇಷ್ಟು ವರ್ಷ ಆ ಬೀದಿಗೇ ಕಾಲಿಟ್ಟಿರಲಿಲ್ಲ."

"ಬೈದ್ರಾ?"

"ತೋಳು ಸವರಿ, 'ಈ ಕೈಯಲ್ಲಿ ಅವನನ್ನ ಹಿಡ್ಕೊಂಡಿದ್ದೆಯೇನಪ್ಪಾ?' ಅಂದ್ರು. ಕೈ ಮರಗಟ್ಟಿ ಬಿಟ್ಟುಹೋಗೋ ತನಕ ಹಿಡ್ಕೊಂಡಿದ್ದೆ, ಅಂದೆ." ಅವನು ತನ್ನ ಎಡಗೈಯನ್ನೇ ನೋಡಿಕೊಂಡ. "ಆ ತಾಯಿ ಇಷ್ಟು ದಿನ, ಮಗ ನೀರಲ್ಲಿ ಒಬ್ಬನೇ ಸತ್ತ ಅಂತ ಕೊರಗಿದ್ರಂತೆ. 'ಸದ್ಯ, ನೀನಿದ್ದೆಯಲ್ಲ' ಅಂತ ನನ್ನ ತಲೆ ನೇವರಿಸಿದ್ರು."

ಡಾಕ್ಟರಮ್ಮ ಮಾಸ್ಕನ್ನು ಕೆಳಗಿಳಿಸಿ ಕಣ್ಣೊರೆಸಿಕೊಂಡಳು.

"ಆವತ್ತು ನಿದ್ದೆ ಬಂತು ನೋಡಿ! ಬಿಸಿಲೇರಿದ್ರೂ ಏಳಲಿಲ್ಲ. ಅಕ್ಕ ಗಾಬರಿಯಾಗಿ ಮೂಗಿನ ಹತ್ರ ಬೆರಳಿಟ್ಟು ನೋಡಿದ್ಲಂತೆ." ಆಮೇಲೆ ಮೆಲ್ಲಗೆ, "ಜಾಕೆಟ್ ಅಲ್ಲೇ ಬಿಟ್ಟುಬಂದೆ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

"ಒಳ್ಳೇದೇ ಮಾಡಿದ್ರಿ." ಮನೆಯ ಖಾಲಿ ಕುರ್ಚಿ ನೆನಪಾಗಿ ಒಂದು ಕ್ಷಣ ಚುರುಕ್ಕೆಂದರೂ ಎದೆ ಹಗುರಾಯಿತು. ಹಗುರಾದ ಎದೆಯಿಂದ ಬಾಯ್ತಪ್ಪಿ ಮಾತು ಬಂದೇಬಿಟ್ಟಿತು. "ನಾನು ಅದರ ಜೊತೆ ಮಾತಾಡ್ತಿದ್ದೆ. ದಿನಾ."

"ಏನಂತ?"

"ಪೇಷೆಂಟ್‌ಗಳ ಬಗ್ಗೆ. ಅತ್ತಿಗೆ ಬಗ್ಗೆ. ಎಲ್ಲಾ."

"ಅದು ಉತ್ತರ ಕೊಡ್ತಿತ್ತಾ?"

"ಇಲ್ಲ. ಅದಕ್ಕೇ ಧೈರ್ಯ ಇತ್ತು."

ಅವನು ಕಣ್ಣಲ್ಲೇ ನಕ್ಕ. "ನಾನು ಉತ್ತರ ಕೊಡ್ತೀನಿ. ಎದುರುತ್ತರಾನೂ ಕೊಡ್ತೀನಿ, ಬೇಕಿದ್ರೆ ಅಕ್ಕನ್ನ ಕೇಳಿ. ಆದ್ರೂ ಸಂಜೆ ಹೊತ್ತು ನನ್ನ ಜೊತೆ ಮಾತಾಡ್ತೀರಾ?"

ಅವಳು ಗ್ಲೌಸ್ ಬಿಚ್ಚಿದಳು. ಪೂರ್ತಿ ಬಿಚ್ಚಿಕೊಳ್ಳದ ಅವನ ಎಡಗೈ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು. ಬೆಚ್ಚಗಿದ್ದವು.

ಹೊರಗೆ ದವಡೆ ಊದಿಸಿಕೊಂಡು ಕಾದಿದ್ದ ಅಜ್ಜ ಬಾಗಿಲು ಬಡಿದ. "ಡಾಕ್ಟ್ರಮ್ಮಾ, ಇನ್ನೂ ಎಷ್ಟು ಹೊತ್ತು?"

"ಸ್ವಲ್ಪ ತಡ್ಕೊಳ್ಳಿ ಅಜ್ಜಾ," ಎಂದಳು ಅವಳು, ಕೈ ಬಿಡದೆ. "ಇವರದ್ದು ಬೇಗ ಮುಗಿಯೋ ಕೇಸಲ್ಲ."