ಜೋಡಿ ತಪ್ಪಿದ ಕಾಲುಚೀಲಗಳು

"ಇದರ ಜೋಡಿ ಎಲ್ಲಿ?"

ಭಾನುವಾರ ಬೆಳಗ್ಗೆ ಒಗೆದ ಬಟ್ಟೆ ಮಡಚುತ್ತಿದ್ದ ನನ್ನ ಅತ್ತೆ ತಟ್ಟನೆ ಎದ್ದು ಬಂದು ಒಂಟಿ ಕಾಲುಚೀಲವೊಂದನ್ನು ಮೇಜಿನ ಮೇಲೆ, ನನ್ನ ಕಾಫಿ ಲೋಟದ ಪಕ್ಕಕ್ಕೇ ಇಟ್ಟರು. ಬೂದು ಬಣ್ಣ, ಬಾಯಿಯ ಹತ್ತಿರ ಹಸಿರು ಪಟ್ಟಿ. ಮೊನ್ನೆ ಮೊನ್ನೆ ಹೆಣೆದು ಮುಗಿಸಿದ್ದು.

"ಮೆಷಿನ್ನಲ್ಲಿ ಉಳಿದಿರಬೇಕು ಅತ್ತೆ."

"ನೋಡಿದೆ. ಇಲ್ಲ."

"ಮಂಚದ ಕೆಳಗೆ?"

"ಅಲ್ಲೂ ಇಲ್ಲ. ಬಾಲ್ಕನಿಯಲ್ಲೂ ಇಲ್ಲ, ಬುಟ್ಟಿಯಲ್ಲೂ ಇಲ್ಲ. ಚಳಿ ಶುರುವಾದಾಗಿಂದ ಇದು ಐದನೇದು! ಕಾಲುಚೀಲಕ್ಕೇ ಕಾಲು ಬಂದು ಎದ್ದು ಹೋಯ್ತಾ?"

ಕೇಳಿದ್ದು ಮನೆಯವರನ್ನೆಲ್ಲ. ನೋಡಿದ್ದು ಮಾತ್ರ ನನ್ನ ಕಡೆ.

ಕಾರಣವಿಲ್ಲದೆ ಇರಲಿಲ್ಲ. ಅತ್ತೆ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಅದು ಹೊಟ್ಟೆಪಾಡು. ಜೀವ ಇರುವುದು ಹೆಣಿಗೆಯಲ್ಲಿ. ಅದರಲ್ಲೂ ಕಾಲುಚೀಲ ಬಿಟ್ಟು ಬೇರೇನನ್ನೂ ಹೆಣೆಯುವುದಿಲ್ಲ. ಬಸ್ಸಿನಲ್ಲಿ, ದಂತವೈದ್ಯರ ಬಾಗಿಲಲ್ಲಿ, ಟೀವಿ ಮುಂದೆ, ಎಲ್ಲೇ ಕುಳಿತರೂ ಕೈಯಲ್ಲಿ ಸಣ್ಣ ಕಡ್ಡಿಗಳು ಓಡುತ್ತಿರುತ್ತವೆ. ಒಂದು ಜೋಡಿ ಮುಗಿಯುವ ಹೊತ್ತಿಗೆ ಮೂರು ಜೋಡಿಗೆ ಆಗುವಷ್ಟು ಉಣ್ಣೆ ಮನೆಗೆ ಬಂದಿರುತ್ತದೆ. ಬಟ್ಟೆಯ ಕಪಾಟು ತುಂಬಿತು, ಮಂಚದ ಅಡಿ ತುಂಬಿತು, ಕೆಟ್ಟುಹೋದ ಓವನ್ ಕೂಡ ತುಂಬಿತು. ಕೊನೆಗೆ ಚಿಕ್ಕ ಕೋಣೆಯೂ ಹೋಯಿತು. ಆ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಳ್ಳಬೇಕೆಂದು ನಾನು ಮದುವೆಯಾದಾಗಿನಿಂದ ಹೇಳುತ್ತಿದ್ದೆ. ಹೋದ ತಿಂಗಳು ತಲೆ ಕೆಟ್ಟು ಒಂದು ಮಾತು ಆಡಿಬಿಟ್ಟಿದ್ದೆ: "ಒಂದಿನ ಇದನ್ನೆಲ್ಲ ಎತ್ತಿ ಬೀದಿಗೆ ಹಾಕ್ತೀನಿ ನೋಡಿ!"

ಆ ಮಾತು ಈಗ ನನ್ನ ಕೊರಳಿಗೇ ಸುತ್ತಿಕೊಂಡಿತ್ತು.

"ಹೊಟ್ಟೆಯಲ್ಲಿ ಇರೋದನ್ನ ನೇರವಾಗಿ ಹೇಳಿಬಿಡಮ್ಮ," ಎಂದರು ಅತ್ತೆ. "ಹೀಗೆ ಒಂದೊಂದಾಗಿ ಕದ್ದು ನನ್ನನ್ನ ಸತಾಯಿಸೋದು ಬೇಡ."

ನನ್ನ ಗಂಡ ಮಧ್ಯೆ ಬಾಯಿ ಹಾಕಿದ. "ಅಮ್ಮ, ಸಾಕ್ಸಿಗೋಸ್ಕರ ಜಗಳಾನಾ?"

"ಸಾಕ್ಸ್ ಅಂತೆ, ಸಾಕ್ಸ್! ಒಂದೊಂದಕ್ಕೂ ಎಷ್ಟು ದಿನ ಕೂತಿದೀನಿ ಗೊತ್ತಾ ನಿನಗೆ?"

ಮಾವ ಪೇಪರು ಎತ್ತಿಕೊಂಡು ಹೀಟರಿನ ಪಕ್ಕದ ಕುರ್ಚಿಗೆ ಹೋಗಿ ಕುಳಿತರು. ಮಾವ ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಹಾರ್ನು ಕೇಳಿ ಸಾಕಾದವರು, ಮನೆಯ ಗಲಾಟೆಗೆ ಕಿವಿಗೊಡುವುದಿಲ್ಲ.

ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಗೆ ಹೋದೆ, ಬಾಲ್ಕನಿಗೆ ಹೋದೆ, ಮತ್ತೆ ಬಂದೆ. ಕಳ್ಳಿ! ಈ ಮನೆಯಲ್ಲಿ ನಾನು ಕಳ್ಳಿ! ಫೋನು ತೆಗೆದು ದೊಡ್ಡಮ್ಮನಿಗೆ ಕರೆ ಮಾಡಿದೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಬೆಂಕಿ ವಿಮೆಯ ಕಂಪನಿಯೊಂದರಲ್ಲಿ ತನಿಖೆಯ ಕೆಲಸ ಮಾಡಿ ನಿವೃತ್ತಿಯಾದವರು. ಸುಟ್ಟ ಗೋದಾಮು, ಸುಟ್ಟ ಅಂಗಡಿ — ಬೆಂಕಿ ತಾನಾಗಿ ಬಿತ್ತೋ, ಯಾರಾದರೂ ಹಚ್ಚಿದರೋ ಎಂದು ಹುಡುಕುವುದು ಅವರ ಕೆಲಸವಾಗಿತ್ತು. ಆಫೀಸಿನಲ್ಲಿ ಅವರಿಗೆ 'ಬೂದಿ ಮೇಡಂ' ಎಂದೇ ಹೆಸರು.

"ಕಾಲುಚೀಲವಾ?" ಎಂದರು ದೊಡ್ಡಮ್ಮ. ನಗಲಿಲ್ಲ. "ಮಧ್ಯಾಹ್ನ ಬರ್ತೀನಿ. ಏನನ್ನೂ ಎತ್ತಿಡಬೇಡಿ."

*

ದೊಡ್ಡಮ್ಮ ಬರುವ ಹೊತ್ತಿಗೆ ನಾದಿನಿಯೂ ಬಂದಿದ್ದಳು. ಎರಡು ಬೀದಿ ಆಚೆ ಅವಳ ಮನೆ. ಅವಳೂ ಹೆಣೆಯುತ್ತಾಳೆ. ಅತ್ತೆಯ ಬಳಿ ಇರುವ ಕೆಂಪು ಉಣ್ಣೆಯ ಮೇಲೆ ಅವಳಿಗೆ ಬಹಳ ದಿನದಿಂದ ಕಣ್ಣು. ಕೇಳಿದ್ದಳು, ಅತ್ತೆ ಕೊಟ್ಟಿರಲಿಲ್ಲ. ಹೆತ್ತ ಮಗಳಾದರೇನು, ಉಣ್ಣೆಯ ವಿಷಯದಲ್ಲಿ ಅತ್ತೆ ಯಾರನ್ನೂ ನಂಬುವುದಿಲ್ಲ.

"ಕೂತ್ಕೊಳ್ಳಿ ಬೀಗರೇ," ಎಂದರು ಅತ್ತೆ ಬಿಗಿಯಾಗಿ. "ನಿಮ್ಮ ಹುಡುಗಿ ಪರ ವಕಾಲತ್ತು ಮಾಡೋಕೆ ಬಂದಿದೀರಿ, ತಿಳೀತು."

"ಇಲ್ಲಮ್ಮ. ಅವಳೇ ತೆಗೆದಿದ್ರೆ ನಾನೇ ಕಿವಿ ಹಿಂಡ್ತೀನಿ. ಹೋಗಿರೋದು ಯಾರ ಕಾಲುಚೀಲ?"

"ಗಂಡಸರದು. ಇವರದ್ದೂ ಮಗನದ್ದೂ ಒಂದೇ ಅಳತೆ. ಒಂದೇ ಡ್ರಾಯರ್. ಕೈಗೆ ಸಿಕ್ಕಿದ್ದನ್ನ ಇಬ್ಬರೂ ಹಾಕ್ಕೊಳ್ತಾರೆ."

"ಹೆಂಗಸರದು?"

"ಒಂದೂ ಹೋಗಿಲ್ಲ."

"ಮೆಷಿನ್?"

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಬಿಚ್ಚುವುದೆಂದರೆ ಅವನಿಗೆ ಹಬ್ಬ. "ಮೂರನೇ ಸಾಕ್ಸ್ ಹೋದಾಗಲೇ ಮೆಷಿನ್ ಪೂರ್ತಿ ಬಿಚ್ಚಿ ನೋಡಿದೆ ದೊಡ್ಡಮ್ಮ. ಎರಡು ಗುಂಡಿ, ಒಂದು ಹೇರ್‌ಪಿನ್. ಅಷ್ಟೇ."

"ಬಾಲ್ಕನಿಯಿಂದ ಗಾಳಿಗೆ ಹಾರಿ ಹೋಗಿದ್ರೆ?"

"ಉಣ್ಣೇನ ನಾನು ಹಗ್ಗಕ್ಕೆ ಹಾಕಲ್ಲ, ಜೋತುಬೀಳುತ್ತೆ," ಎಂದರು ಅತ್ತೆ. "ಒಳಗೇ ಹರಡ್ತೀನಿ. ಅದೂ ಅಲ್ದೆ, ಈಗ ನೆನಪಾಗುತ್ತೆ, ಜೋಡಿ ಒಗೆಯೋಕೇ ಬರ್ತಿಲ್ಲ. ಬುಟ್ಟಿಗೆ ಬೀಳೋವಾಗಲೇ ಒಂಟಿ."

ದೊಡ್ಡಮ್ಮ ತಲೆಯೆತ್ತಿದರು. "ಒಗೆಯೋಕೆ ಮುಂಚೇನೇ?"

"ಹೌದು."

"ಹಾಗಾದ್ರೆ ಕಾಲಿಂದ ಬುಟ್ಟಿಗೆ ಬರೋ ದಾರೀಲಿ ಹೋಗ್ತಿದೆ."

ನಾದಿನಿ ನಕ್ಕಳು. "ನನ್ನ ಕೇಳಿದ್ರೆ ಅಮ್ಮನ ಉಣ್ಣೆ ರಾಶಿಯೇ ಅದನ್ನ ತಿಂತಿರಬೇಕು. ಇನ್ನು ಒಂದು ಉಂಡೆ ಕೂಡ ತರಲ್ಲ ಅಂತ ಆಣೆ ಹಾಕಿದ್ದಳು. ಮೊನ್ನೆ ನೋಡ್ತೀನಿ, ಬಾಗಿಲ ಹಿಂದಿನ ಹಳೇ ಚೀಲ ಗಡಿಗೆ ಥರ ಉಬ್ಬಿದೆ!"

"ನಾನು ತಂದಿಲ್ಲ!" ಅತ್ತೆ ಸಿಡಿದರು. "ಆ ಚೀಲದ ಬಾಯಿ ಬಿಚ್ಚಿ ವರ್ಷವಾಯ್ತು. ಅದರಲ್ಲಿರೋದು ತುಂಡು ತುಣುಕು."

"ಮತ್ತೆ ತಾನೇ ತಾನಾಗಿ ಬೆಳೀತಾ?"

"ನಿನಗೆ ಕೆಂಪು ಉಣ್ಣೆ ಕೊಡಲಿಲ್ಲ ಅಂತ ಹೊಟ್ಟೆಕಿಚ್ಚು!"

"ನನಗಾ? ಅಮ್ಮ, ನನ್ನ ಬ್ಯಾಗ್ ತೆಗೆದು ನೋಡು ಬೇಕಾದ್ರೆ!" ಬ್ಯಾಗು ಮೇಜಿನ ಮೇಲೆ ಕವುಚಿತು. ಕೀಲಿಗೊಂಚಲು, ಬಾಚಣಿಗೆ, ಅರ್ಧ ಹೆಣೆದ ಟೋಪಿ. ಕಾಲುಚೀಲ ಇಲ್ಲ.

ನಾನೂ ಬಿಡಲಿಲ್ಲ. "ನನ್ನ ಕಪಾಟೂ ನೋಡಿ. ಎಲ್ಲರೂ ನೋಡಿ!"

ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಅಷ್ಟರಲ್ಲಿ ದೊಡ್ಡಮ್ಮ ಕೈ ಎತ್ತಿದರು.

"ಶ್! ಏನೋ ಸುಡ್ತಿದೆ."

ಒಲೆ ಆರಿತ್ತು. ಇಸ್ತ್ರಿಪೆಟ್ಟಿಗೆ ಕಪಾಟಿನೊಳಗಿತ್ತು. ಆದರೂ ಕೂದಲು ಸುಟ್ಟಂಥ ವಾಸನೆ.

"ಮಾವ! ಕಾಲು!" ಎಂದು ಚೀರಿದೆ.

ಪೇಪರಿನ ಹಿಂದೆ ತೂಕಡಿಸುತ್ತಿದ್ದ ಮಾವನ ಕಾಲು ಚಪ್ಪಲಿಯಿಂದ ಜಾರಿ ಹೀಟರಿನ ಸರಳಿಗೇ ಒರಗಿತ್ತು. ಕಾಲುಚೀಲದ ತುದಿ ಕಂದುಬಣ್ಣಕ್ಕೆ ತಿರುಗಿತ್ತು. ನಾನು ಕೂಗಿದ ಮೇಲೆ ಅವರು ಕಣ್ಣು ಬಿಟ್ಟು, ಕೆಳಗೆ ನೋಡಿ, ನಿಧಾನವಾಗಿ ಕಾಲನ್ನು ಎಳೆದುಕೊಂಡರು.

"ಡ್ರೈವರ್ ಕಾಲಮ್ಮ," ಎಂದು ನಕ್ಕರು. "ಎಂಜಿನ್ ಬಿಸಿಗೆ ಒಗ್ಗಿಹೋಗಿದೆ."

ನಾವೂ ನಕ್ಕೆವು. ಅತ್ತೆ ಮಾತ್ರ "ಅದನ್ನೂ ಹಾಳು ಮಾಡಿದ್ರಾ!" ಎಂದು ಗೊಣಗಿದರು. ದೊಡ್ಡಮ್ಮ ನಗಲಿಲ್ಲ.

"ಉಳಿದಿರೋ ಒಂಟಿ ಕಾಲುಚೀಲ ಎಲ್ಲಿಟ್ಟಿದೀರಿ?" ಎಂದು ಕೇಳಿದರು.

"ಡಬ್ಬಿಗೆ ತುಂಬಿ ಮುಚ್ಚಿಟ್ಟಿದೀನಿ. ಕಣ್ಣಿಗೆ ಬಿದ್ರೆ ಹೊಟ್ಟೆ ಉರಿಯುತ್ತೆ."

"ತನ್ನಿ."

*

ಐದು ಒಂಟಿ ಕಾಲುಚೀಲಗಳನ್ನು ದೊಡ್ಡಮ್ಮ ಮೇಜಿನ ಮೇಲೆ ಸಾಲಾಗಿ ಮಲಗಿಸಿದರು. ಹಿಮ್ಮಡಿಗಳೆಲ್ಲ ಕೆಳಮುಖ. ಬೂದು, ನೀಲಿ, ಸಾಸಿವೆ ಬಣ್ಣ, ಮತ್ತೆ ನೀಲಿ, ಕಪ್ಪು.

"ಅಂಗಡಿ ಸಾಕ್ಸಿಗೆ ಎಡ ಬಲ ಅಂತ ಇರಲ್ಲ ಅಲ್ವಾ? ನಿಮ್ಮದಕ್ಕೆ ಇದೆಯಾ?"

ಅತ್ತೆಯ ಮುಖ ಅಷ್ಟರಲ್ಲೂ ಅರಳಿತು. "ಇದೆ. ತುದೀನ ನಾನು ಓರೆಯಾಗಿ ಇಳಿಸ್ತೀನಿ. ಹೆಬ್ಬೆರಳಿನ ಕಡೆ ಉದ್ದ, ಕಿರುಬೆರಳಿನ ಕಡೆ ಗಿಡ್ಡ. ಇಲ್ಲದಿದ್ರೆ ಬೆರಳು ಒತ್ತುತ್ತೆ. ಇಡೀ ದಿನ ಶೂ ಹಾಕೋರಿಗೆ..."

ಮಾತು ಅಲ್ಲಿಗೇ ನಿಂತಿತು. ಅವರ ಕಣ್ಣು ಮೇಜಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿತು. ಮತ್ತೆ ಓಡಿತು.

ಐದೂ ಒಂದೇ ಕಡೆಗೆ ವಾಲಿದ್ದವು.

"ಎಲ್ಲಾ ಬಲಗಾಲಿನದು," ಎಂದರು ಅತ್ತೆ, ತಮಗೇ ಹೇಳಿಕೊಂಡಂತೆ.

"ಹೌದು. ಹೋಗಿದ್ದನ್ನೇ ಎಲ್ಲರೂ ಹುಡುಕಿದ್ರಿ. ಉಳಿದಿದ್ದನ್ನ ಯಾರೂ ನೋಡಲಿಲ್ಲ. ಮೆಷಿನ್ ನುಂಗೋದಾದ್ರೆ ಎಡ ಬಲ ನೋಡಿ ನುಂಗುತ್ತಾ? ಇವಳು ಸಿಟ್ಟಿಗೆ ಕದ್ದಿದ್ರೆ ಎರಡನ್ನೂ ಎತ್ತಿ ಬಿಸಾಡ್ತಿದ್ದಳು. ನಿಮ್ಮ ಮಗಳಿಗೆ ಬೇಕಿದ್ದು ಉಣ್ಣೆ, ಹಾಕಿ ಸವೆದ ಕಾಲುಚೀಲ ಅಲ್ಲ. ಎಡಗಾಲಿನದನ್ನೇ ಆರಿಸಿ ತೆಗೀಬೇಕಾದ್ರೆ ಕಾರಣ ಒಂದೇ — ಆ ಎಡಗಾಲು."

ನನ್ನ ಗಂಡ ತನ್ನ ಬರಿಗಾಲನ್ನು ನೋಡಿಕೊಂಡ. ಎರಡೂ ನೆಟ್ಟಗಿದ್ದವು.

ದೊಡ್ಡಮ್ಮ ಮಾವನ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ಬೀಗರೇ, ಉಣ್ಣೆ ಸುಟ್ಟ ವಾಸನೆ ಬಾಗಿಲ ಹತ್ತಿರ ಕೂತಿದ್ದ ನನಗೆ ಬಂತು. ಉಣ್ಣೆ ಅಷ್ಟು ಬೇಗ ಹೊತ್ತಿಕೊಳ್ಳಲ್ಲ. ಅದು ಕಂದಬೇಕಾದ್ರೆ ಒಳಗಿನ ಚರ್ಮಕ್ಕೆ ಎಷ್ಟೋ ಮುಂಚೇನೇ ಬಿಸಿ ತಾಗಿರಬೇಕು. ಎಂಥ ನಿದ್ದೆ ಇದ್ರೂ ಎಚ್ಚರ ಆಗಬೇಕು. ನಿಮಗೆ ಆಗಲಿಲ್ಲ, ಅಂದ್ರೆ ಆ ಎಡಗಾಲು ಮರಗಟ್ಟಿದೆ. ನಿಮಗೆ ಸಕ್ಕರೆ ಕಾಯಿಲೆ ಇದೆ ಅಂತ ಇವಳು ಹೇಳಿದ್ದು ನೆನಪು. ಎಡಗಾಲಲ್ಲಿ ಹುಣ್ಣಾಗಿದೆ, ಅಲ್ವಾ?"

"ಏನೂ ಇಲ್ಲ. ಸಣ್ಣ ಗೀರು."

"ಸಣ್ಣ ಗೀರಿಗೆ ಐದು ಕಾಲುಚೀಲ ಬಚ್ಚಿಟ್ರಾ?"

ಮಾವ ಪೇಪರನ್ನು ಮಡಚಿದರು. ಬಿಚ್ಚಿದರು. ಮತ್ತೆ ಮಡಚಿದರು.

ದೊಡ್ಡಮ್ಮ ನನಗೆ ಕಣ್ಣಲ್ಲೇ ಚಿಕ್ಕ ಕೋಣೆಯ ಬಾಗಿಲನ್ನು ತೋರಿಸಿದರು. ನಾನು ಚಿಕ್ಕ ಕೋಣೆಗೆ ಹೋಗಿ ಬಾಗಿಲ ಹಿಂದಿನ ಹಳೆಯ ಚೀಲವನ್ನು ಎಳೆದು ತಂದೆ. ಮೇಲೆಲ್ಲ ತುಂಡು ಉಂಡೆಗಳು, ನುಸಿಗುಳಿಗೆಯ ಘಾಟು. ತಳಕ್ಕೆ ಕೈ ಹಾಕಿದೆ. ಸಿಕ್ಕಿದವು. ಒಂದರೊಳಗೊಂದು ಸುತ್ತಿಟ್ಟ ಕಾಲುಚೀಲಗಳು. ಹೆಬ್ಬೆರಳಿನ ಜಾಗದಲ್ಲಿ ಉಣ್ಣೆ ಒಣಗಿ, ಕಪ್ಪಾಗಿ, ಗಟ್ಟಿಯಾಗಿತ್ತು. ರಕ್ತ ಮಾತ್ರವಲ್ಲ, ಕೀವು ಕೂಡ.

"ಈ ಮನೇಲಿ ಉಣ್ಣೇನ ಉಣ್ಣೆಯೊಳಗೆ ಬಚ್ಚಿಟ್ರೆ ಯಾರು ಹುಡುಕ್ತಾರೆ?" ಎಂದರು ದೊಡ್ಡಮ್ಮ. "ಯಾರೂ ಉಣ್ಣೆ ತರದೆ ಚೀಲ ಉಬ್ಬಿತು ಅಂದಾಗಲೇ ನನಗೆ ಅನುಮಾನ ಬಂತು."

ಅತ್ತೆ ನೆಲದ ಮೇಲೆ ಕುಸಿದು ಕುಳಿತು ಮಾವನ ಎಡಗಾಲಿನ ಕಾಲುಚೀಲವನ್ನು ತಾವೇ ಬಿಚ್ಚಿದರು. ಹೆಬ್ಬೆರಳಿನ ಬುಡದಲ್ಲಿ ಗುಳಿ ಬಿದ್ದಿತ್ತು. ಪಕ್ಕದ ಬೆರಳು ನೀಲಿಗಟ್ಟಿತ್ತು. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ಮುಖ ತಿರುಗಿಸಿದಳು.

"ನೋವಾಗ್ತಿಲ್ವೇನ್ರೀ?"

"ಇಲ್ಲ ಕಣೇ. ಅದೇ ತಾನೇ ಭಯ."

"ನನ್ನ ಹತ್ತಿರ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ಕತ್ತು ಹಿಡಿದು ಡಾಕ್ಟರ ಹತ್ತಿರ ಎಳ್ಕೊಂಡು ಹೋಗ್ತಿದ್ದೆ. ಡಾಕ್ಟರು ಬಸ್ಸು ಓಡಿಸೋದನ್ನೇ ನಿಲ್ಲಿಸು ಅಂತಿದ್ದರು. ಬಸ್ಸು ಓಡಿಸೋದು ನಿಲ್ಲಿಸಿ ನಾನು ಏನು ಮಾಡಲಿ? ಬೆಳಗ್ಗೆ ಎದ್ದು ಎಲ್ಲಿಗೆ ಹೋಗಲಿ?"

ಅತ್ತೆ ಆ ಪಾದವನ್ನು ಮಡಿಲಿಗೆ ಎತ್ತಿಟ್ಟುಕೊಂಡರು.

"ಕಸದ ಡಬ್ಬಿಗಾದರೂ ಹಾಕಬಾರದಿತ್ತಾ ಅಪ್ಪ?" ಎಂದ ನನ್ನ ಗಂಡ. "ಅಮ್ಮ ಇವಳನ್ನ ಕಳ್ಳಿ ಮಾಡಿದಳು."

"ಹಾಕೋಕೆ ಹೋದೆ. ಕೈ ಬರಲಿಲ್ಲ." ಮಾವ ಅತ್ತೆಯ ತಲೆಯನ್ನು ನೋಡುತ್ತ ಹೇಳಿದರು. "ಹಿಮ್ಮಡಿ ಭಾಗ ಹೆಣೆದು ತಿರುಗಿಸೋವಾಗ ಇವಳು ಉಸಿರು ಕೂಡ ಬಿಡಲ್ಲ. ನೋಡಿದೀನಲ್ಲ. ಅದನ್ನ ಹೇಗೆ ಕಸಕ್ಕೆ ಹಾಕಲಿ?"

"ಮತ್ತೆ ಬಲಗಾಲಿಂದು ಯಾಕೆ ಬುಟ್ಟಿಗೆ ಹಾಕಿದ್ರಿ?" ಎಂದರು ದೊಡ್ಡಮ್ಮ. "ಎರಡನ್ನೂ ಬಚ್ಚಿಟ್ಟಿದ್ರೆ ನಾನೂ ಸೋಲ್ತಿದ್ದೆ."

ಮಾವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದು ಚೆನ್ನಾಗಿತ್ತಲ್ಲ?"

ನಾನು ನಕ್ಕೆ. ನಗುತ್ತಲೇ ಕಣ್ಣು ತುಂಬಿತು. ಅತ್ತೆ ಕೂತಲ್ಲಿಂದಲೇ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿ, ಉಗುರು ನಾಟುವಷ್ಟು.

"ತಪ್ಪು ಮಾತಾಡಿದೆನಮ್ಮ."

"ಈಗ ಅದು ಬೇಡ ಅತ್ತೆ. ಏಳಿ. ಬಟ್ಟೆ ಬದಲಾಯಿಸಿ."

ಗಂಡ ಟ್ಯಾಕ್ಸಿಗೆ ಫೋನು ಮಾಡಿದ. ನಾದಿನಿ ಮಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿದಳು. ದೊಡ್ಡಮ್ಮ ಹುಣ್ಣಿನ ಮೇಲೆ ಒಗೆದ ಬಟ್ಟೆ ಸುತ್ತಿದರು. ಮಾವ ಬಾಗಿಲ ಬಳಿ ಹೋಗಿ ನಿಂತರು, ಹೊಸ್ತಿಲು ದಾಟಲಿಲ್ಲ.

"ನಾಳೆ ಬೆಳಗಿನ ಪಾಳಿ ನನ್ನದು," ಎಂದರು. "ಆಸ್ಪತ್ರೆಯಲ್ಲಿ ಏನಂತಾರೋ ನೋಡಿ ಆಮೇಲೆ ಡಿಪೋಗೆ ಹೇಳಿದ್ರಾಯ್ತು."

ಅತ್ತೆ ಬಾಯಿ ತೆರೆದರು. ದೊಡ್ಡಮ್ಮ ಅವರ ತೋಳು ಮುಟ್ಟಿ ತಡೆದರು.

ಕೆಳಗೆ ಟ್ಯಾಕ್ಸಿಯವನು ಹಾರ್ನು ಹೊಡೆದ. ಮಾವ ಕದಲಲಿಲ್ಲ. ಏನನ್ನು ನೆನೆಸಿಕೊಂಡರೋ ಗೊತ್ತಿಲ್ಲ. ಬೆಳಗಿನ ಪಾಳಿಯ ಬಸ್ಸು ಎಂದರೆ ಶಾಲೆಯ ಮಕ್ಕಳೇ ಮುಕ್ಕಾಲು ಪಾಲು. ಕೊನೆಗೆ ಜೇಬಿನಿಂದ ಫೋನು ತೆಗೆದರು. ಎರಡು ಸಲ ತಪ್ಪು ನಂಬರು ಒತ್ತಿದರು.

"ಸಾರ್, ನಾನು. ನಾಳೆಯಿಂದ ನನ್ನ ಬಸ್ಸಿಗೆ ಬೇರೆಯವರನ್ನ ಹಾಕಿ... ಇಲ್ಲ ಸಾರ್, ಜ್ವರ ಅಲ್ಲ." ಗೋಡೆ ಹಿಡಿದುಕೊಂಡರು. "ಕ್ಲಚ್ ಒತ್ತಿದೀನೋ ಇಲ್ವೋ ನನ್ನ ಕಾಲಿಗೆ ಗೊತ್ತಾಗ್ತಿಲ್ಲ ಸಾರ್. ತುಂಬ ದಿನ ಆಯ್ತು."

ಆಮೇಲೆ ಮಗನ ಹೆಗಲ ಮೇಲೆ ಭಾರ ಹಾಕಿ, ಒಂದೊಂದೇ ಮೆಟ್ಟಿಲು ಇಳಿದರು. ಆಪರೇಷನ್ನಿನಲ್ಲಿ ಎರಡು ಬೆರಳು ಹೋದವು. ಪಾದ ಉಳಿಯಿತು.