ಕೊರಕಲಿನ ಗುಂಡು, ನೆನೆದ ಕಂಬಳಿ

ಮಳೆ ಸುರಿಯುವುದರೊಳಗೆ ಈರಬಸಪ್ಪನನ್ನು ಕೊರಕಲಿನಿಂದ ಮೇಲೆತ್ತಬೇಕಿತ್ತು. ಬಿದ್ದ ಕುರಿಮರಿಯನ್ನು ಹಿಡಿಯಲು ಇಳಿದವನ ಪಾದದ ಮೇಲೆ ದೊಡ್ಡ ಗುಂಡುಕಲ್ಲು ಜಾರಿ ಕೂತಿತ್ತು. ಗುಡ್ಡದ ನೀರೆಲ್ಲ ಹರಿಯುವುದು ಅದೇ ಕೊರಕಲಿನಲ್ಲಿ. ಒಂದು ಜೋರು ಮಳೆ ಸಾಕು, ಅವನು ಮುಳುಗಿಹೋಗುತ್ತಿದ್ದ.

ಎಪ್ಪತ್ನಾಲ್ಕನೇ ಇಸವಿ. ಹಿರೇಗುಂಟನೂರಿಗೆ ದುರ್ಗದಿಂದ ಜನ ಕರೆಸುವಷ್ಟು ಹೊತ್ತಿರಲಿಲ್ಲ. ಹೊರಟವರು ಮೂವರೇ: ಅವನ ಅಣ್ಣ ಗುಡ್ಡಪ್ಪ, ಅತ್ತಿಗೆ ಗಿರಿಯಮ್ಮ, ಮತ್ತು ಸುದ್ದಿ ತಂದ ಜುಂಜಯ್ಯ. ಮೇವಿನ ಜಗಳವಾಗಿ ಗುಡ್ಡಪ್ಪನಿಗೂ ಜುಂಜಯ್ಯನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಗುಡ್ಡಪ್ಪ ಹಾರೆ ಹೊತ್ತಿದ್ದ, ಜುಂಜಯ್ಯ ಬಾವಿಯ ಹಗ್ಗ, ರಾಟೆ.

ಆ ಗುಡ್ಡಕ್ಕೆ ಮನುಷ್ಯರನ್ನು ಕಂಡರಾಗದು. ಬುಡದಲ್ಲಿ ಕಾರೆಮುಳ್ಳು ಬಟ್ಟೆ ಹರಿಯುತ್ತದೆ, ನಡುವೆ ಪಾಪಾಸುಕಳ್ಳಿ ಮೈಗೆಲ್ಲ ಚುಚ್ಚುತ್ತದೆ. ಅದನ್ನೂ ದಾಟಿದರೆ ಬರೀ ಬೋಳುಬಂಡೆ, ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗದು. ಬೆಳಗಿನಿಂದ ಕಾದ ಕಲ್ಲು ಅಂಗಾಲು ಸುಡುತ್ತಿತ್ತು, ಗಾಳಿ ಹಿಂದಿನಿಂದ ದಬ್ಬುತ್ತಿತ್ತು. ಮೋಡ ಆಗಲೇ ಕಪ್ಪಗಾಗಿತ್ತು.

ಗುಡ್ಡಪ್ಪನೂ ಗಿರಿಯಮ್ಮನೂ ಕೊರಕಲಿಗಿಳಿದರು. ಜುಂಜಯ್ಯ ಹಗ್ಗ ಹಿಡಿದು ಮೇಲಿನ ಅಂಚಿನಲ್ಲೇ ನಿಂತ. ಗುಡ್ಡಪ್ಪ ಹಾರೆಯನ್ನು ಗುಂಡಿನಡಿ ತೂರಿ, ಅದರ ಕೆಳಗೊಂದು ಕಲ್ಲು ಆನಿಸಿ ಅದುಮಿದ. ಗುಂಡು ಜಪ್ಪಯ್ಯ ಅನ್ನಲಿಲ್ಲ.

"ಆನಿಸಿದ ಕಲ್ಲು ದೂರ ಐತೆ. ಗುಂಡಿನ ಹತ್ರಕ್ಕೆ ಸರಿಸ್ರಿ!" ಎಂದಳು ಗಿರಿಯಮ್ಮ.

ಸರಿಸಿದ. ಕೈಯ ಕಡೆ ಹಾರೆ ಉದ್ದವಾಯಿತು. ಇಬ್ಬರೂ ತುದಿಗೆ ಜೋತುಬಿದ್ದರು. ಗುಂಡು ಬೆರಳಗಲ ಎದ್ದಿತು.

"ಕಾಲ್ ಎಳ್ಕಳಪ್ಪ!"

ಈರಬಸಪ್ಪ ಎಳೆದುಕೊಂಡ. "ಪಾದ ಐತೋ ಇಲ್ವೋ ಗೊತ್ತಾಗವಲ್ದು ಅತ್ತಿಗೆ," ಅಂದ. ಗುಡ್ಡಪ್ಪ ಬಗ್ಗಿ ತಮ್ಮನ ಪಾದ ನೋಡಿದ. ಕಾಲು ಹೋದ ಮೇಲೆ ಕುರಿ ಕಾಯುವುದು ಹೇಗೆ?

ಹನಿ ಶುರುವಾಯಿತು. "ಹಗ್ಗದ ತುದಿ ಮೇಲಿನ ಕಲ್ಲಿಗೆ ಬಿಗೀಲಿ ಅಂತ ಅವ್ನಿಗೇಳು," ಎಂದು ಗುಡ್ಡಪ್ಪ ಹೆಂಡತಿಗೆ ಹೇಳಿದ. ಜುಂಜಯ್ಯ ಆಗಲೇ ಬಿಗಿದಿದ್ದ. ರಾಟೆಯನ್ನು ಈರಬಸಪ್ಪನ ಸೊಂಟಕ್ಕೆ ಕಟ್ಟಿ, ಅದರೊಳಗೆ ಹಗ್ಗ ಪೋಣಿಸಿ, ಇನ್ನೊಂದು ತುದಿ ಹಿಡಿದು ಗುಡ್ಡಪ್ಪ ಮೇಲೆ ಹತ್ತಿದ; ಗಿರಿಯಮ್ಮ ಮೈದುನನ ಜೊತೆ ಕೆಳಗೇ ಉಳಿದಳು. ಎಳೆಯುವ ಹಗ್ಗ ದುಪ್ಪಟ್ಟಾದರೂ ಅರ್ಧ ಭಾರವನ್ನು ಮೇಲಿನ ಕಲ್ಲೇ ಹೊರುತ್ತದೆ.

ಬಂಡೆ ನೆನೆದಿತ್ತು. ಕಾಲು ಜಾರದಿರಲಿ ಎಂದು ಗುಡ್ಡಪ್ಪ ತನ್ನ ಹೊಸ ಕಂಬಳಿ ಹಾಸಿ, ಅದರ ಮೇಲೆ ನಿಂತು ಎಳೆದ.

ಕಂಬಳಿ ಸರ್ರನೆ ಜಾರಿತು.

ಗುಡ್ಡಪ್ಪ ಅಂಗಾತ ಬಿದ್ದ. ಹಗ್ಗ ಅಂಗೈ ಸುಲಿಯುತ್ತ ಓಡಿತು. ಕೆಳಗೆ ಗಿರಿಯಮ್ಮ ಚೀರಿದಳು. ಹಿಂದಿದ್ದ ಜುಂಜಯ್ಯ ತನ್ನ ಕೈಲಿದ್ದ ಹಗ್ಗವನ್ನು ಪಕ್ಕದ ಮೊಂಡುಗಲ್ಲಿಗೆ ಮೂರು ಸುತ್ತು ಸುತ್ತಿದ. ಕಲ್ಲು ಹಗ್ಗವನ್ನು ಕಚ್ಚಿ ಹಿಡಿಯಿತು.

"ಲೇ ಗುಡ್ಡಪ್ಪ, ಹೊಸ ಕಂಬ್ಳಿ ಹುಣಸೆಬೀಜದ ಗಂಜಿ ಕುಡ್ದೈತೆ ಕಣಲೇ! ನೆನೆದ್ರೆ ಲೋಳೆ! ನಂದು ಹಾಸ್ಕ!"

ಕಂಬಳಿ ನೇಯುವ ಮನೆಯವನಿಗೆ ಇದನ್ನು ಬೇರೆಯವರು ಹೇಳಬೇಕಾಯಿತು! ಗಾಬರಿ ಅಂದರೆ ಅದು. ಗುಡ್ಡಪ್ಪ ಎದ್ದು ಜುಂಜಯ್ಯನ ಹಳೆ ಕಂಬಳಿ ಹಾಸಿದ. ಗಂಜಿ ತೊಳೆದುಹೋಗಿ ಎಷ್ಟೋ ಕಾಲವಾಗಿದ್ದ ಒರಟು ಉಣ್ಣೆ ಬಂಡೆಗೆ ಅಂಟಿ ನಿಂತಿತು. ಇಬ್ಬರೂ ಎಳೆದರು. ಗಿರಿಯಮ್ಮ ಮೈದುನನ ಬೆನ್ನಿಗೆ ಹೆಗಲು ಕೊಟ್ಟು ನೂಕುತ್ತ ಹತ್ತಿದಳು. ಅವರು ಅಂಚು ಮುಟ್ಟುವಾಗ ಕೆಂಪು ನೀರು ಭೋರೆಂದು ಕೊರಕಲಿಗೆ ನುಗ್ಗಿತು. ಹಾರೆ ಅದರಲ್ಲೇ ಹೋಯಿತು. ಮರಿಯೂ ಸಿಗಲಿಲ್ಲ.

ಈರಬಸಪ್ಪನನ್ನು ಸರದಿಯ ಮೇಲೆ ಬೆನ್ನಿಗೆ ಹಾಕಿಕೊಂಡು, ಬಿದ್ದೂ ಎದ್ದೂ ಊರ ಬಳಿ ಬಂದು ಇಳಿಸಿದರು. ಗಿರಿಯಮ್ಮ ಪಾದ ತಿಕ್ಕಿದಳು. ಅವನಿಗೆ ಅದೂ ಗೊತ್ತಾಗಲಿಲ್ಲ. ಆಗ ಜುಂಜಯ್ಯ ಬಗ್ಗಿ, ಆ ಕಾಲಿನ ಹೆಬ್ಬೆರಳನ್ನು ಉಗುರಿನಿಂದ ಚಿವುಟಿದ.

"ಅಯ್ಯಯ್ಯಪ್ಪೋ! ನಿನ್ ಕೈ ಸೇದೋಗ!"

ಗುಡ್ಡಪ್ಪ ಕೆಸರಲ್ಲೇ ಕುಸಿದು ಕೂತ. ಅಳುತ್ತಿದ್ದ, ನಗುತ್ತಿದ್ದ.

"ಇನ್ನೊಂದ್ಸಲ ಚಿವುಟು ಜುಂಜಯ್ಯ," ಅಂದ.