ಒಂಬತ್ತನೆಯ ಜಡೆ

“ಆ ಒಂಬತ್ತನೇ ಖಾನೇಲಿರೋ ಬಟ್ಟೆ ಮಾತ್ರ ತೆಗೀಬೇಡಿ ಸಾರ್. ಅದು ಖಾಲಿ ಇರಬಾರದು,” ಎಂದಳು ಅಜ್ಜಿ.

ವಸ್ತುಸಂಗ್ರಹಾಲಯಕ್ಕೆ ಹೊಸದಾಗಿ ಬಂದಿದ್ದ ಅಧಿಕಾರಿ ನಕ್ಕುಬಿಟ್ಟ. ಮೇಜಿನ ಮೇಲೆ ಅಜ್ಜಿ ತಂದುಕೊಟ್ಟ, ಊರಿನ ಅತಿ ಹಳೆಯ ಮನೆತನದ ಮರದ ಪೆಟ್ಟಿಗೆ. ಇದು ಕೈಸೇರಲೆಂದು ಸಂಗ್ರಹಾಲಯ ವರ್ಷಗಟ್ಟಲೆ ಕಾದಿತ್ತು. ಒಳಗೆ ಒಂಬತ್ತು ಖಾನೆ. ಎಂಟರಲ್ಲಿ ಒಂದೊಂದು ಹೆಣ್ಣಿನ ಜಡೆ, ಪ್ರತಿಯೊಂದಕ್ಕೂ ಹೆಸರಿನ ಚೀಟಿ. ಕೊನೆಯದರಲ್ಲಿ ಗಿಡಿದು ತುಂಬಿದ ಕಪ್ಪು ಬಟ್ಟೆ. ಹಳಸಿದ ಎಣ್ಣೆಯ ವಾಸನೆ ಮೂಗಿಗೆ ಅಡರುತ್ತಿತ್ತು.

“ನಮ್ಮ ಮುತ್ತಜ್ಜಿಗೆ ಅವಳ ಸವತಿ ಮಾಡಿಸಿದ ಮಾಟ ಇದು. ಖಾಲಿ ಬಿಟ್ರೆ ಹತ್ತಿರ ಇರೋ ಹುಡುಗಿ ಜಡೆ ಎಳ್ಕೊಳ್ಳುತ್ತೆ. ಆಮೇಲೆ ಅವಳನ್ನ ಹೆತ್ತವರೇ ಮರೆತುಬಿಡ್ತಾರೆ. ನಮ್ಮನೆ ಹೆಂಗಸರು ಯಾರೂ ಜಡೆ ಬಿಡಲ್ಲ.” ಅವಳ ಕೂದಲೂ ಗಂಡಸರ ಕ್ರಾಪಿನಂತಿತ್ತು.

ಅಧಿಕಾರಿಗೆ ಅನುಮಾನ ಹುಟ್ಟಿತು. ಈ ಮುದುಕಿ ಒಂಬತ್ತನೆಯ ಜಡೆಯನ್ನು ಮನೆಯಲ್ಲೇ ಬಚ್ಚಿಟ್ಟು ತನಗೆ ಕಾಗಕ್ಕ ಗುಬ್ಬಕ್ಕನ ಕತೆ ಹೇಳುತ್ತಿದ್ದಾಳೆ. ಜನರ ಮಾತು ನಂಬುವ ಜಾಯಮಾನ ಅವನದಲ್ಲ.

“ಒಂಬತ್ತು ಖಾನೆ ಅಂದ್ರೆ ಒಂಬತ್ತು ಜಡೆ. ಪುಸ್ತಕದಲ್ಲಿ ಹಾಗೇ ಬರೀತೀನಿ. ಇನ್ನೊಂದನ್ನ ನೀವೇ ತಂದುಕೊಡಿ,” ಎಂದವನೇ ದಾಖಲೆ ಪುಸ್ತಕದಲ್ಲಿ ಒಂಬತ್ತು ಎಂದು ಬರೆದ. ಬಟ್ಟೆ ಎಳೆದು ಬಿಸಾಕಿ, ಆ ಖಾನೆಯಲ್ಲಿ ಹೆಸರಿಲ್ಲದ ಚೀಟಿಯೊಂದನ್ನು ಇಟ್ಟ.

ಅಜ್ಜಿಯ ಮುಖ ಬಿಳಿಚಿಕೊಂಡಿತು. “ನಿಮಗೆ ಹೆಣ್ಣುಮಕ್ಕಳು...?”

“ಒಬ್ಬಳೇ. ತಾಯಿಲ್ಲದ ಮಗು, ನನಗಿರೋದೂ ಅವಳೇ. ದಿನಾ ಜಡೆ ಹಾಕೋದೂ ನಾನೇ. ಸಾಕಾ?”

“ಅವಳನ್ನ ಇಲ್ಲಿಗೆ ಕರೀಬೇಡಿ,” ಎಂದು ಅಜ್ಜಿ ಕೈಮುಗಿದು ಹೋದಳು.

ನಾಲ್ಕು ಗಂಟೆಗೆ ಮಗಳು ಎಂದಿನಂತೆ ಶಾಲೆಯಿಂದ ನೇರ ಅಲ್ಲಿಗೇ ಬಂದಳು. ಬೆಳಿಗ್ಗೆ ಅವನು ಕಟ್ಟಿದ್ದ ನೀಲಿ ರಿಬ್ಬನ್ ಬೆನ್ನ ಮೇಲೆ ಕುಣಿಯುತ್ತಿತ್ತು. ಅದಕ್ಕೆ ಸೊಟ್ಟಗೆ ಎರಡು ಗಂಟು. ಒಂದೇ ಹಾಕಿದರೆ ಬಿಚ್ಚಿಹೋಗುತ್ತದೆಂದು ಅವನಿಗೆ ಭಯ.

“ಅಪ್ಪಾ, ಈ ಪೆಟ್ಟಿಗೇಲಿ ಏನಿದೆ?”

“ಮುಟ್ಟಬೇಡ ಪುಟ್ಟಿ,” ಎನ್ನುತ್ತ ಅವನು ಕಿಟಕಿ ಮುಚ್ಚಲು ತಿರುಗಿದ. ಎಣ್ಣೆಯ ವಾಸನೆ ಒಮ್ಮೆಲೇ ದಟ್ಟವಾಯಿತು. ಬಲ್ಬು ಮಂಕಾಯಿತು. ಹಿಂದೆ ಸರ್... ಸರ್... ಯಾರೋ ತಲೆ ಬಾಚುವ ಸದ್ದು. ಅಜ್ಜಿಯ ಮಾತು ನೆನಪಾಯಿತು. ಕೂಗಬೇಕು. ಮಗಳ ಹೆಸರು ಕೂಗಬೇಕು. ಬಾಯಿ ತೆರೆದ. ಹೆಸರು ನಾಲಗೆಯ ತುದಿಯಲ್ಲಿತ್ತು. ಇತ್ತು. ಇಲ್ಲ.

ಸದ್ದು ನಿಂತಿತು. ತಾನೇಕೆ ಇಷ್ಟು ಬೆವರಿದ್ದೇನೆಂದು ಅವನಿಗೆ ತಿಳಿಯಲಿಲ್ಲ.

ಪೆಟ್ಟಿಗೆಯ ಕೊನೆಯ ಖಾನೆಯಲ್ಲಿ ಜಡೆಯೊಂದಿತ್ತು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ನೀಲಿ ರಿಬ್ಬನ್, ಸೊಟ್ಟಗೆ ಎರಡು ಗಂಟು. ಚೀಟಿಯ ಮೇಲೆ ಅವನದೇ ಅಕ್ಷರದಲ್ಲಿ ಒಂದು ಹೆಸರು. ಎರಡು ಸಲ ಓದಿದ. ಎಲ್ಲೂ ಕೇಳಿದ ಹೆಸರಲ್ಲ. ಪುಸ್ತಕ ತೆರೆದು ನೋಡಿದ. ಒಂಬತ್ತು ಎಂದಿತ್ತು, ಸರಿಯಾಗಿತ್ತು. ಮುದುಕಿ ಕೊನೆಗೂ ತಂದಿಟ್ಟಿದ್ದಾಳೆ ಎಂದುಕೊಂಡ.

ಮೇಜಿನ ಕೆಳಗೆ ಯಾರೋ ಬಿಕ್ಕಿದರು. ಬಗ್ಗಿ ನೋಡಿದರೆ ಬೋಳುತಲೆಯ ಹುಡುಗಿಯೊಬ್ಬಳು ಮುದುಡಿ ಕುಳಿತಿದ್ದಳು.

“ಅಪ್ಪಾ...”

ಅವನು ಅನುಮಾನದಿಂದ ಹುಬ್ಬುಗಂಟಿಕ್ಕಿದ. “ಯಾರಮ್ಮಾ ನೀನು? ಒಳಗೆ ಹೇಗೆ ಬಂದೆ?”